ಸೊಟ್ಟ ಬಟ್ಟಲು

ಪೆಟ್ಟಿಗೆ ತೆರೆದಾಗ ವಾದ್ಯವಿತ್ತು, ಅದರ ಬಾಯಿ ಇರಲಿಲ್ಲ.

ಜರ್ಮನಿಯಲ್ಲಿ ಕೆಲಸಕ್ಕಿರುವ ಮಗ ಕಳೆದ ದೀಪಾವಳಿಗೆ ಸೊಲ್ಲಾಪುರಕ್ಕೆ ಬಂದಾಗ ನನಗೆಂದು ಒಂದು ಹಳೆಯ ಟ್ಯೂಬಾ ತಂದ. ಅವನಿರುವ ಊರಿನ ಬ್ಯಾಂಡಿನವರು ಹೊಸದು ಕೊಂಡು ಇದನ್ನು ಮಾರಿದ್ದರಂತೆ. ಆರ್ಕೆಸ್ಟ್ರಾದಲ್ಲಿ ಎಲ್ಲರ ಹಿಂದೆ ಒಬ್ಬನೇ ಕೂತು ಊದುತ್ತಾನಲ್ಲ, ಆ ದೊಡ್ಡ ಜಾತಿಯದು. ನಾಲ್ಕು ತಿರುಗು ವಾಲ್ವು. ಸುರುಳಿ ಬಿಚ್ಚಿ ನೆಟ್ಟಗೆ ಮಾಡಿದರೆ ಹದಿನೆಂಟು ಅಡಿ ಕೊಳವೆ. ತೊಡೆಯ ಮೇಲೆ ಇಟ್ಟುಕೊಂಡರೆ ಮೊಮ್ಮಗನನ್ನಲ್ಲ, ಮೊಮ್ಮಗನ ಮದುವೆಯ ಹಂಡೆಯನ್ನು ಕೂರಿಸಿಕೊಂಡ ಹಾಗೆ. ಪೆಟ್ಟಿಗೆಯ ಮಖಮಲ್ಲಿನಲ್ಲಿ ಮೌತ್‌ಪೀಸ್ ಇಡಲು ಒಂದು ಗುಳಿ ಇತ್ತು. ಗುಳಿ ಖಾಲಿ.

‘ಅದನ್ನ ಅವರು ಕೊಡಲಿಲ್ಲಪ್ಪ’ ಎಂದ ಮಗ. ‘ಅದು ಊದುವವನ ಸ್ವಂತದ್ದಂತ, ವಾದ್ಯದ ಜತಿ ಬರೂದಿಲ್ಲಂತ.’

ಈ ಮಾತು ನನಗೆ ಆಗ ಬರೀ ಜಿಪುಣತನವಾಗಿ ಕೇಳಿಸಿತು. ವರ್ಷಗಟ್ಟಲೆ ಬ್ಯಾಂಡಿನಲ್ಲಿ ಬಾಳಿದ ನಮಗೆ ಮೌತ್‌ಪೀಸ್ ಎಂದರೆ ವಾದ್ಯದ ಬಾಲ. ನಮ್ಮ ಮಾಮಾ ಅದನ್ನು ಬಟ್ಟಲ ಎನ್ನುತ್ತಿದ್ದ, ಟ್ಯೂಬಾವನ್ನು ಬೇಸ್. ಯಾರ ಬಟ್ಟಲು ಯಾರ ಬೇಸಿಗೆ ಬೇಕಾದರೂ ಸಿಕ್ಕಿಸು, ಜಾರಿದರೆ ಕಾಗದ ಸುತ್ತು, ಹೊರಡು, ಮುಹೂರ್ತ ಮೀರುತ್ತದೆ. ಇಷ್ಟೇ ನಮ್ಮ ಶಾಸ್ತ್ರ.

ಮೂಲತಃ ನಾವು ಮಂಗಳವೇಢೆ ತಾಲ್ಲೂಕಿನ ಮರವಡೆಯ ಕಡೆಯವರು. ಜೋಳದ ಹೊಲ ಬಿಟ್ಟು ಅಜ್ಜ ಸೊಲ್ಲಾಪುರದ ಗಿರಣಿಗೆ ಬಂದ. ಮಾಮಾ ಗಿರಣಿ ಬಿಟ್ಟು ಬ್ಯಾಂಡ್ ಕಟ್ಟಿದ. ಮನೆಯಲ್ಲಿ ಕನ್ನಡ, ಬ್ಯಾಂಡಿನಲ್ಲಿ ಮರಾಠಿ, ಮೀರತ್ತಿಗೆ ಬರೆಯುವ ಪತ್ರದಲ್ಲಿ ಹಿಂದಿ. ಹಿತ್ತಾಳೆ ವಾದ್ಯವೆಂದರೆ ನಮಗೆಲ್ಲ ಮೀರತ್ತೇ. ನಾದಿರ್ ಅಲಿ ಕಂಪನಿ 1885ರಲ್ಲಿ ಶುರುವಾದ ಊರು ಅದು. ಅಲ್ಲಿಯ ಜಾಲಿ ಕೋಠಿಯ ಗಲ್ಲಿಗಳಿಂದ ದೇಶದ ಮದುವೆಗಳಿಗೆಲ್ಲ ಕ್ಲಾರ್ನೆಟ್, ಟ್ರಂಪೆಟ್, ಯೂಫೋನಿಯಂ, ಬೇಸು ಹೊರಡುತ್ತವೆ. ನಾನು ಹತ್ತೊಂಬತ್ತನೆಯ ವಯಸ್ಸಿಗೆ ಬೇಸ್ ಹೊತ್ತೆ. ‘ನಿನ್ನ ತುಟಿ ದಪ್ಪ, ನಿನಗ ಬೇಸ್’ ಎಂದ ಮಾಮಾ. ತೆಳು ತುಟಿಯವರಿಗೆ ಟ್ರಂಪೆಟ್, ದಪ್ಪ ತುಟಿಯವರಿಗೆ ಬೇಸ್. ಈ ಮಾತನ್ನು ಇಲ್ಲಿ ಎತ್ತಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಮಗ ಹೋದ ಮೇಲೆ ಅಟ್ಟದ ಮೇಲಿನ ತಗಡಿನ ಡಬ್ಬಿ ಇಳಿಸಿದೆ. ಬ್ಯಾಂಡ್ ಮುಚ್ಚಿದಾಗ ಬೇಸುಗಳನ್ನು ಹಿತ್ತಾಳೆ ತೂಕಕ್ಕೆ ಮಾರಿದ್ದೆವು. ಡಿಜೆ ಬಂದ ಮೇಲೆ ಹತ್ತು ಜನರ ಉಸಿರನ್ನು ಒಂದು ಟೆಂಪೊ ಕೊಂದಿತ್ತು. ಬಟ್ಟಲುಗಳು ಮಾತ್ರ ಯಾಕೋ ಉಳಿದಿದ್ದವು. ಎರಡು. ಒಂದು ಬೆಳ್ಳಿ ಲೇಪ ಮಾಸಿದರೂ ಒಳ್ಳೆಯ ಸ್ಥಿತಿಯಲ್ಲಿದ್ದದ್ದು, ನನ್ನದು. ಇನ್ನೊಂದರ ಬುಡಕ್ಕೆ ಹಳದಿ ಬಣ್ಣಕ್ಕೆ ತಿರುಗಿದ ಮರಾಠಿ ಪೇಪರಿನ ತುಂಡು ಇನ್ನೂ ಅಂಟಿತ್ತು.

ನನ್ನದನ್ನು ಜರ್ಮನ್ ವಾದ್ಯಕ್ಕೆ ಸಿಕ್ಕಿಸಿದೆ. ಅದು ಒಳಗೆ ಜಾರಿ, ಬಾವಿಗೆ ಬಿದ್ದ ಕೊಡದ ಹಾಗೆ ಅಲ್ಲಾಡಿತು. ಊದಿದೆ. ಬೆಳಗಿನ ಐದೂವರೆ, ಮಾಳಿಗೆಯ ಮೇಲೆ. ಕೆಳಗಿನಿಂದ ಹೆಂಡತಿಯ ದನಿ: ‘ಏನ್ರಿ, ನಸುಕಿನಾಗೇ ಎಮ್ಮಿ ಈಸಲಾಕತ್ತೀರೇನು?’

ಬುಡದ ಅಳತೆ ಎಂಬುದೊಂದು ಇದೆ ಎಂದು ಅರವತ್ತರ ವಯಸ್ಸಿನಲ್ಲಿ ನನಗೆ ತಿಳಿದದ್ದು ಹೀಗೆ. ಟ್ಯೂಬಾದ ಬಾಯಿಕೊಳವೆ ಒಳಗೆ ಸಣ್ಣಗೆ ಕಿರಿದಾಗುತ್ತ ಹೋಗುತ್ತದೆ. ಮೌತ್‌ಪೀಸಿನ ಬುಡವೂ ಅದೇ ಓಟದಲ್ಲಿ ಕಿರಿದಾಗಬೇಕು. ಅಮೆರಿಕದವರ ಬುಡ ತುಸು ಸಣ್ಣದು, ಯುರೋಪಿನವರದು ತುಸು ದಪ್ಪ, ಹಳೆಯ ಇಂಗ್ಲಿಷ್ ಬೇಸುಗಳದ್ದು ಇನ್ನೂ ಸಪೂರ. ಕೂದಲೆಳೆಯ ವ್ಯತ್ಯಾಸ. ಆದರೆ ಬುಡ ಬಿಗಿಯಾಗಿ ಕೂರದಿದ್ದರೆ ಗಾಳಿ ಸಂದಿಯಲ್ಲಿ ಸೋರುತ್ತದೆ, ತುಟಿಯ ನಡುಕ ಕೊಳವೆಗೆ ಪೂರಾ ಮುಟ್ಟುವುದಿಲ್ಲ, ಕೆಳಗಿನ ಸ್ವರ ಎದ್ದು ನಿಲ್ಲುವ ಮೊದಲೇ ಕುಸಿಯುತ್ತದೆ. ಊದುವವನಿಗೆ ಸೋರುವುದು ಕಾಣುವುದಿಲ್ಲ. ಅವನಿಗೆ ಕಾಣುವುದು ತನ್ನ ಸೋಲು ಮಾತ್ರ.

ಅಳತೆ ಹೇಳಿ ಮಗನಿಂದ ಎರಡು ಹೊಸ ಮೌತ್‌ಪೀಸ್ ತರಿಸಿದೆ. ಬೆಲೆ ಬರೆಯುವುದಿಲ್ಲ, ಮನೆಯಲ್ಲಿ ಈ ಪತ್ರಿಕೆ ಓದುತ್ತಾರೆ.

ಕೊಳ್ಳುವ ಮೊದಲು ಸಿಕ್ಕಿದ್ದನ್ನೆಲ್ಲ ಓದಿದೆ. ಟ್ಯೂಬಾ ಹಳೆಯ ವಾದ್ಯವಲ್ಲ. 1835ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನ ವೀಪ್ರೆಖ್ಟ್ ಎಂಬ ಮಿಲಿಟರಿ ಬ್ಯಾಂಡ್ ಮಾಸ್ತರ ಮತ್ತು ಮೊರಿಟ್ಸ್ ಎಂಬ ವಾದ್ಯ ತಯಾರಕ ಸೇರಿ ಅದಕ್ಕೆ ಪೇಟೆಂಟ್ ಪಡೆದರು. ಹುಟ್ಟಿದ್ದೇ ಬ್ಯಾಂಡಿನವನ ಕೈಯಲ್ಲಿ ಎಂದು ತಿಳಿದು ಒಂದು ದಿನ ಪೂರ್ತಿ ಎದೆ ಉಬ್ಬಿಸಿಕೊಂಡು ತಿರುಗಿದೆ. ಆರ್ಕೆಸ್ಟ್ರಾದ ಹಿಂದೆ ಕೂತವನನ್ನು ಮುಂದೆ ನಿಲ್ಲಿಸಿ, ಇಂಗ್ಲೆಂಡಿನ ವಾನ್ ವಿಲಿಯಮ್ಸ್ ಒಂದು ಪೂರ್ತಿ ಕಂಚೆರ್ಟೊ ಬರೆದದ್ದು 1954ರಲ್ಲಿ. ಅಲ್ಲಿಯತನಕ ಅದು ಹೊರೆ ಹೊರುವ ಎತ್ತು.

ಮೌತ್‌ಪೀಸಿನ ವಿಷಯ ಇದಕ್ಕಿಂತ ಸೂಕ್ಷ್ಮ. ಟ್ರಂಪೆಟಿನ ಬಟ್ಟಲಿನ ಒಳ ಅಗಲ ಹದಿನಾರು ಹದಿನೇಳು ಮಿಲಿಮೀಟರ್, ಯೂಫೋನಿಯಮ್ಮಿನದು ಇಪ್ಪತ್ತೈದರ ಆಸುಪಾಸು, ದೊಡ್ಡ ಟ್ಯೂಬಾದ್ದು ಮೂವತ್ತೆರಡು ಮೂವತ್ತಮೂರು. ಒಂದು ಮಿಲಿಮೀಟರಿನಲ್ಲಿ ಏನಿದೆ ಎನ್ನಬಹುದು, ತುಟಿಯನ್ನು ಕೇಳಿ. ಅಂಚು ಚೂಪಾದರೆ ಸ್ವರ ಕತ್ತರಿಸಿದ ಹಾಗೆ ಹೊರಡುತ್ತದೆ, ತುಟಿ ಬೇಗ ನೋಯುತ್ತದೆ. ಅಂಚು ದುಂಡಾದರೆ ತುಟಿಗೆ ಸುಖ, ಸ್ವರದ ತುದಿ ಮಬ್ಬು. ಒಳಗಿನ ಆಕಾರದಲ್ಲಿ ಎರಡು ಕುಲ: ತಂಬಿಗೆಯ ತಳದ ಹಾಗೆ ಗುಂಡಗಿರುವುದು ಒಂದು, ಎಣ್ಣೆ ಸುರಿಯುವ ಆಲಿಕೆಯ ಹಾಗೆ ಇಳಿಜಾರಾಗಿರುವುದು ಇನ್ನೊಂದು. ಆಲಿಕೆಯ ಕುಲಕ್ಕೆ ನ್ಯೂಯಾರ್ಕಿನಲ್ಲಿ ಊದುತ್ತಿದ್ದ ಹೆಲ್ಲೆಬರ್ಗ್ ಎಂಬಾತನ ಹೆಸರು ಅಂಟಿಕೊಂಡಿದೆ. ನೂರು ವರ್ಷದ ಮೇಲೂ ಜನ ಅದೇ ಮಾದರಿ ಕೇಳಿ ಕೊಳ್ಳುತ್ತಾರೆ. ಗುಂಡು ಬಟ್ಟಲು ಸ್ವರವನ್ನು ಥಟ್ಟನೆ ಮುಂದಿಡುತ್ತದೆ. ಆಲಿಕೆಯಲ್ಲಿ ಸ್ವರ ಕತ್ತಲೆಯಿಂದ ಎದ್ದು ಬರುತ್ತದೆ, ತುಸು ತಡವಾಗಿ, ಆದರೆ ಬಂದ ಮೇಲೆ ಮನೆ ತುಂಬುತ್ತದೆ. ಬಟ್ಟಲಿನ ಬಾಯಿಗೆ ಅಂಗೈಯಿಂದ ತಟ್ಟಿದರೆ ‘ಪಾಪ್’ ಎನ್ನುತ್ತದಲ್ಲ, ಆ ಸಪ್ಪಳಕ್ಕೂ ಒಂದು ಸ್ಥಾಯಿಯಿದೆ. ಬಟ್ಟಲಿನ ಹೊಟ್ಟೆ ದೊಡ್ಡದಾದಷ್ಟೂ ಅದು ಕೆಳಗಿಳಿಯುತ್ತದೆ. ಇದನ್ನು ಮೊಮ್ಮಗಳಿಗೆ ತೋರಿಸಿದೆ, ಅವಳು ದಿನವಿಡೀ ಅದನ್ನೇ ಬಾರಿಸಿ ನನ್ನ ಬೆಳ್ಳಿಲೇಪದ ಮೇಲೆ ಚಿಕ್ಕಿಯ ಪಾಕ ಹಚ್ಚಿದಳು.

ಕುಲಕ್ಕೊಂದರಂತೆ ತರಿಸಿದ್ದ ಎರಡನ್ನೂ ಎರಡು ತಿಂಗಳು ಊದಿದೆ. ಆ ಎರಡು ತಿಂಗಳಲ್ಲಿ ನಾನು ಆಡಿದ ಮಾತುಗಳನ್ನು ಹೆಂಡತಿ ನೆನಪಿಟ್ಟಿದ್ದಾಳೆ. ಗುಂಡು ಬಟ್ಟಲಿನಲ್ಲಿ ಮೊದಲ ಐದು ನಿಮಿಷ ನಾನು ಗಂಡುಗಲಿ. ಆರನೆಯ ನಿಮಿಷಕ್ಕೆ ದಮ್ಮು ಮುಗಿದು, ‘ಇದರ ತೂತ ಭಾಳ ದೊಡ್ಡದು, ಗಾಳಿ ನುಂಗ್ತದ’ ಎಂದೆ. ಆಲಿಕೆಯಲ್ಲಿ ಮೇಲಿನ ಸ್ವರ ಒಡೆದಾಗ, ‘ಅಂಚು ತೆಳುವು, ಹಲ್ಲಿಗೆ ಒತ್ತತದ’ ಎಂದೆ. ಚಳಿಗೆ ತುಟಿ ಒಡೆದರೆ ಬೆಳ್ಳಿಲೇಪದ ದೋಷ. ಶ್ರುತಿ ಏರಿದರೆ ಬುಡದ ದೋಷ. ಫೋನಿನ ಶ್ರುತಿಯಂತ್ರದ ಮುಳ್ಳು ಹಸಿರಿನಲ್ಲಿ ನಿಂತ ದಿನ ಮಾತ್ರ ಮೌತ್‌ಪೀಸಿನ ಸುದ್ದಿ ಇಲ್ಲ. ಆ ದಿನ ನಾನೇ.

ನಡುವೆ ಒಂದು ಸಂಜೆ, ಸಿದ್ಧೇಶ್ವರ ಕೆರೆಯ ಕಟ್ಟೆಯ ಮೇಲೆ ಪರಿಚಯದ ಸನಾದಿಯ ಹಿರಿಯರೊಬ್ಬರು ಸಿಕ್ಕರು. ಸೊಲ್ಲಾಪುರಕ್ಕೆ ಗಾಳಿವಾದ್ಯದ ಅಭಿಮಾನ ಸುಮ್ಮನೆ ಬಂದದ್ದಲ್ಲ. ಸುಂದರಿ ಎಂಬ ವಾದ್ಯ ಇಲ್ಲಿಯದು. ಸನಾದಿಯ ತಂಗಿಯ ಹಾಗೆ, ಒಂದಡಿಗೂ ಕಡಿಮೆ ಉದ್ದ, ಮೇಲಿನ ಶ್ರುತಿ. ಸೊಲ್ಲಾಪುರದ ಜಾಧವ ಮನೆತನ ಅದನ್ನು ಕಛೇರಿಯ ವೇದಿಕೆಗೆ ಏರಿಸಿತು. ಸಿದ್ಧರಾಮ ಜಾಧವರ ಹೆಸರು ಕೇಳದ ವಾದ್ಯಗಾರ ಈ ಸೀಮೆಯಲ್ಲಿಲ್ಲ. ವಾದ್ಯಕ್ಕೆ ಸುಂದರಿ ಎಂದು ಹೆಸರಿಟ್ಟವರು ಅಕ್ಕಲಕೋಟೆ ಸಂಸ್ಥಾನದ ಅರಸರು ಎಂದು ಹಳಬರು ಹೇಳುತ್ತಾರೆ. ನಾನು ನನ್ನ ಎರಡು ಬಟ್ಟಲುಗಳ ಪುರಾಣ ಬಿಚ್ಚಿದೆ. ಅವರು ಕೇಳಿಸಿಕೊಂಡು ಜೇಬಿನಿಂದ ಒಂದು ಡಬ್ಬಿ ತೆಗೆದರು. ಒಳಗೆ ಹತ್ತು ಹನ್ನೆರಡು ಪತ್ತಿ; ಸನಾದಿಯ ಬಾಯಿಗೆ ಸಿಕ್ಕಿಸುವ ನಾಲಿಗೆ. ಒಂದನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ಊದಿ, ತೆಗೆದರು. ಇನ್ನೊಂದು. ಇನ್ನೊಂದು. ನಾಲ್ಕನೆಯದನ್ನು ಉಳಿಸಿಕೊಂಡು ಬುಡಕ್ಕೆ ದಾರ ಬಿಗಿದರು.

‘ಇವು ಹದಿನೈದು ದಿನ ಬಾಳ್ತಾವ್ರಿ’ ಎಂದರು. ‘ಕೆಟ್ಟರ ಒಗೀತೀವಿ. ನಿಮ್ಮದು ಹಿತ್ತಾಳಿದು. ಕೆಟ್ಟರೂ ಉಳೀತದ.’

ಅವರಿಗೆ ಅದು ವಾದ್ಯದ ಮಾತು. ನನಗೂ ಆಗ ಅಷ್ಟೇ.

ಆಲಿಕೆ ಬಟ್ಟಲಿನ ಬುಡ ಜರ್ಮನ್ ಬಾಯಿಕೊಳವೆಯಲ್ಲಿ ಎಷ್ಟು ಒಳಗೆ ಕೂರುತ್ತದೆ ಎಂದು ಸರಿಯಾಗಿ ಅಳೆಯಿಸಲು ಅಕ್ಕಲಕೋಟೆ ರಸ್ತೆಯ ಎಂಐಡಿಸಿಗೆ ಹೋದೆ. ಅಲ್ಲಿ ಪರಿಚಯದ ಒಬ್ಬರ ಲೇತ್ ಅಂಗಡಿಯಿದೆ, ಮಗ್ಗದ ಬಿಡಿಭಾಗ ಕಡೆಯುತ್ತಾರೆ. ಹೋಲಿಸಲಿಕ್ಕೆ ಇರಲೆಂದು ಹಳೆಯ ಎರಡನ್ನೂ ಒಯ್ದಿದ್ದೆ. ಅವರು ವರ್ನಿಯರ್ ಹಿಡಿದು ಒಂದೊಂದನ್ನೇ ಅಳೆದು ಸುಣ್ಣದ ಕಡ್ಡಿಯಿಂದ ಮೇಜಿನ ಮೇಲೆ ಬರೆದರು. ಕಾಗದ ಸುತ್ತಿದ್ದ ಬಟ್ಟಲು ಬಂದಾಗ ಕಾಗದ ಕೆರೆದು ಒಗೆದರು. ಅಳೆದರು. ತಿರುಗಿಸಿ ಮತ್ತೆ ಅಳೆದರು.

‘ಇದು ಗೋಲ್ ಇಲ್ರಿ. ಒತ್ತಿ ಅಂಡಾಕಾರ ಆಗ್ಯದ. ಉದ್ದಕ್ಕೂ ಅಡ್ಡಕ್ಕೂ ಒಂದೂವರಿ ಮಿಲಿಮೀಟರ್ ಫರಕು. ಇದರಾಗ ಯಾರ್ ಊದತಿದ್ರು?’

‘ನಾನೇ’ ಎಂದೆ.

ಅರ್ಧ ಸುಳ್ಳು. ಬಾಯಿ ತಾನಾಗಿ ಹೇಳಿತು, ತಡೆಯಲಿಲ್ಲ. ಮೂವತ್ತು ವರ್ಷ ನೆನೆಯದೇ ಇದ್ದ ಮುಖವೊಂದು ಆ ಲೇತಿನ ಎಣ್ಣೆ ವಾಸನೆಯಲ್ಲಿ ನನ್ನೆದುರು ನಿಂತುಬಿಟ್ಟಿತು.

ಗಿರಣಿಗಳು ಒಂದೊಂದಾಗಿ ನಿಂತು ಹೋಗುತ್ತಿದ್ದ ಕಾಲ. ಅಪ್ಪಂದಿರ ಕೆಲಸ ಹೋದ ಮನೆಗಳಿಂದ ಹುಡುಗರು ಬ್ಯಾಂಡಿಗೆ ಬರುತ್ತಿದ್ದರು. ಸಮವಸ್ತ್ರ ಸಿಗುತ್ತದೆ, ಮದುವೆಯ ಊಟ ಸಿಗುತ್ತದೆ, ದಿನದ ಕೊನೆಗೆ ಕೈಗೆ ಏನಾದರೂ. ಅಕ್ಕಲಕೋಟೆಯ ಒಬ್ಬ ಹುಡುಗ ಬಂದ. ಹದಿನೈದಿರಬೇಕು. ಅಲ್ಲಿಯ ಕನ್ನಡ ಶಾಲೆ ಬಿಟ್ಟವನು. ತೆಳು ತುಟಿ, ಉದ್ದ ಕುತ್ತಿಗೆ, ಆದರೆ ಎದೆ ಅಗಲ. ಕೆರೆಯಲ್ಲಿ ಈಜಿ ಬೆಳೆದವನ ದಮ್ಮು. ಟ್ರಂಪೆಟ್ ಕೊಟ್ಟರೆ ಬೇಡ ಎಂದ. ಬೇಸೇ ಬೇಕು. ಯಾಕೋ ಎಂದು ಕೇಳಿದ್ದಕ್ಕೆ, ‘ಅದು ಊದಿದಾಗ ಹೊಟ್ಟಿ ನಡಗ್ತದ್ರಿ ಕಾಕಾ’ ಎಂದ. ಆ ಉತ್ತರಕ್ಕೇ ಅವನಿಗೆ ಬೇಸ್ ಕೊಡಬೇಕಿತ್ತು. ಕೊಟ್ಟೆವು ಕೂಡ, ಎರಡನೆಯ ಬೇಸ್, ಮತ್ತು ಅದರ ಜತೆ ಈ ಬಟ್ಟಲು.

ಮೂರು ತಿಂಗಳಾದರೂ ಅವನ ಕೆಳಗಿನ ಸ್ವರ ನಿಲ್ಲಲಿಲ್ಲ. ಎದ್ದು, ನಡುಗಿ, ಗುಡಿಯ ಎದುರಿನ ಕುಡುಕನ ಹಾಗೆ ಪಕ್ಕಕ್ಕೆ ವಾಲುತ್ತಿತ್ತು. ನಾನು ಆಗ ಇಪ್ಪತ್ತೊಂಬತ್ತು ಮೂವತ್ತರ ಪ್ರಾಯದ ಮಾಸ್ತರ. ಮಾಮಾನ ಮೊಣಕಾಲು ನೋವಿನಿಂದ ಬ್ಯಾಂಡ್ ನನ್ನ ಕೈಗೆ ಬಂದಿತ್ತು. ಹುಡುಗ ಒಂದು ದಿನ ಹತ್ತಿರ ಬಂದು, ‘ಕಾಕಾ, ಬಟ್ಟಲ ಅಲ್ಲಾಡ್ತದ್ರಿ’ ಎಂದ. ನಾನು ಹೇಳಿದ್ದು ನೆನಪಿದೆ, ಅಕ್ಷರ ಅಕ್ಷರ ನೆನಪಿದೆ: ‘ಅಲ್ಲಾಡೂದು ಬಟ್ಟಲಲ್ಲೋ, ನಿನ್ನ ಬಾಯಿ.’ ಉಳಿದವರು ನಕ್ಕರು. ನಕ್ಕದ್ದು ನನಗೆ ಹಿತವಾಯಿತು.

1995ರ ಬೇಸಿಗೆ. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ಪುಣ್ಯತಿಥಿ. 1878ರಲ್ಲಿ ಅವರು ದೇಹ ಬಿಟ್ಟ ಚೈತ್ರ ಬಹುಳ ತ್ರಯೋದಶಿಯಂದು ಊರಲ್ಲಿ ಪಲ್ಲಕ್ಕಿ ಹೊರಡುತ್ತದೆ. ಪುಣೆ ಮುಂಬೈಯಿಂದ ಜನ ಬಂದು ತುಂಬುತ್ತಾರೆ. ನಮ್ಮ ಬ್ಯಾಂಡಿಗೆ ಕರೆ ಬಂದಿತ್ತು. ಹುಡುಗನಿಗೆ ಅದು ಸ್ವಂತ ಊರು. ಅವನ ಅವ್ವ, ತಂಗಿ, ಓಣಿಯವರು ರಸ್ತೆಯ ಅಂಚಿನಲ್ಲಿ ನಿಂತಿದ್ದರು. ಅಭಂಗದ ಚಾಲು ನಡೆಯುತ್ತಿತ್ತು. ಒಂದು ತಿರುವಿನಲ್ಲಿ ಕ್ಲಾರ್ನೆಟ್ ನಿಂತು ಬೇಸ್ ಒಂದೇ ಕೇಳಬೇಕಾದ ಜಾಗದಲ್ಲಿ ಅವನ ಸ್ವರ ಬಿತ್ತು. ಎರಡನೆಯ ಸಲವೂ ಬಿತ್ತು. ನಾನು ಸಾಲು ಬಿಟ್ಟು ಹೋಗಿ, ಎಲ್ಲರೆದುರು ಅವನ ಹೆಗಲಿನಿಂದ ಬೇಸ್ ಇಳಿಸಿಕೊಂಡೆ.

‘ನಿನ್ನ ತುಟಿ ಇದಕ್ಕ ಹುಟ್ಟಿಲ್ಲ. ಹೋಗು, ಝಾಂಜ್ ಹಿಡಿ.’

ಅವನು ಝಾಂಜ್ ಹಿಡಿದ. ಪಲ್ಲಕ್ಕಿ ಮಠ ಮುಟ್ಟುವ ತನಕ ತಾಳ ತಪ್ಪದೆ ಬಾರಿಸಿದ. ರಾತ್ರಿ ಟೆಂಪೊ ಸೊಲ್ಲಾಪುರಕ್ಕೆ ಹೊರಟಾಗ ಅವನು ಹತ್ತಲಿಲ್ಲ. ಮರುದಿನ ಸಮವಸ್ತ್ರ ಒಗೆದು, ಇಸ್ತ್ರಿ ಮಾಡಿ, ಮಡಚಿ, ಯಾರ ಕೈಯಲ್ಲೋ ಕಳಿಸಿದ.

ದಪ್ಪ ತುಟಿ ತೆಳು ತುಟಿಯ ಆ ಲೆಕ್ಕ ನಿಲ್ಲುವ ಲೆಕ್ಕವಲ್ಲ. ಬಟ್ಟಲಿನ ಅಂಚಿನೊಳಗೆ ನಡುಗುವುದು ತುಟಿಯ ಒಂದು ಸಣ್ಣ ಭಾಗ; ಅದನ್ನು ಹದಕ್ಕೆ ತರುವುದು ಸುತ್ತಲಿನ ಸ್ನಾಯು, ಹಲ್ಲಿನ ಸಾಲು, ಗಾಳಿ. ತೆಳು ತುಟಿಯ ಟ್ಯೂಬಾ ವಾದಕರೂ ದಪ್ಪ ತುಟಿಯ ಟ್ರಂಪೆಟ್ ವಾದಕರೂ ಬೇಕಾದಷ್ಟು ಇದ್ದಾರೆ. ಬಹುಶಃ ಮುಖ ನೋಡಿ ಮನುಷ್ಯನನ್ನು ಕೆಲಸಕ್ಕೆ ಹಂಚುವ ನಮ್ಮ ಹಳೆಯ ಚಟವೇ ಬ್ಯಾಂಡಿಗೂ ಬಂದಿತ್ತು. ಆ ನಿಯಮ ನನಗೆ ಬೇಸ್ ಕೊಟ್ಟಿತ್ತು, ಹಾಗಾಗಿ ಅದು ಸತ್ಯವೆಂದು ನಂಬುವುದರಲ್ಲಿ ನನಗೆ ಲಾಭವಿತ್ತು.

ಇಷ್ಟಾದರೆ ಇದು ಒಬ್ಬ ಅಜ್ಞಾನಿ ಮಾಸ್ತರನ ಕಥೆ. ಬಟ್ಟಲು ಸೊಟ್ಟ ಎಂದು ಗೊತ್ತಿರಲಿಲ್ಲ, ಪಾಪ. ಎಂಐಡಿಸಿಯಿಂದ ಮನೆಗೆ ಬರುವ ತನಕ ನಾನು ನನಗೆ ಹೇಳಿಕೊಂಡದ್ದು ಇದನ್ನೇ. ಮನೆ ಮುಟ್ಟಿದ ಮೇಲೂ ಎರಡು ದಿನ ಹೇಳಿಕೊಂಡೆ. ಮೂರನೆಯ ದಿನ ಮತ್ತೆ ಅಟ್ಟ ಹತ್ತಿದೆ.

ಮಾಮಾನಿಗೆ ಓದು ಬರಹ ಇರಲಿಲ್ಲ. ಬ್ಯಾಂಡಿನ ವಹಿ ಬರೆಯುತ್ತಿದ್ದವನು ನಾನು. ಕೆಂಪು ಬಟ್ಟೆಯ ಹೊದಿಕೆಯ ಉದ್ದ ವಹಿಗಳು. ಯಾವ ಮದುವೆ, ಎಷ್ಟು ಮುಂಗಡ, ಯಾರು ಬರಲಿಲ್ಲ, ಯಾರಿಗೆ ಸಾಲ. 1994ರ ವಹಿ ತೆಗೆದೆ. ಫೆಬ್ರುವರಿಯ ಪುಟದಲ್ಲಿ ನನ್ನದೇ ಕೈಬರಹ, ಆಗ ‘ರ’ದ ತಲೆಕಟ್ಟು ಉದ್ದ ಎಳೆಯುವ ಶೋಕಿ ಇತ್ತು: ‘ಮೀರತ್ ವಿ.ಪಿ. ಬಂತು. ಬೇಸ್ ಮೌತ್‌ಪೀಸ್ 1. ಹಳೇದು ಬಿದ್ದು ಬುಡ ಸೊಟ್ಟ ಆಗ್ಯದ, ಕೆಲಸಕ್ಕಿಲ್ಲ.’

ಕೆಲಸಕ್ಕಿಲ್ಲ. ಬರೆದವನು ನಾನು.

ಆಗ ಎಲ್ಲ ಒಟ್ಟಿಗೆ ಬಂತು. ಆ ವರ್ಷದ ಜನವರಿ, ಸಿದ್ಧರಾಮನ ಗಡ್ಡಾ ಜಾತ್ರೆ. ಏಳು ನಂದಿಕೋಲುಗಳು ಸಂಕ್ರಾಂತಿಯ ಹೊತ್ತಿಗೆ ಊರಿನ ಅರವತ್ತೆಂಟು ಲಿಂಗಗಳ ದಾರಿ ಹಿಡಿಯುವ, ಬಿಳಿ ಬಾರಾಬಂದಿ ತೊಟ್ಟ ಸಾವಿರಾರು ಜನರ ಜಾತ್ರೆ. ಅಕ್ಷತೆಯ ದಿನ ಸಮ್ಮತಿ ಕಟ್ಟೆಯ ಹತ್ತಿರ ಕನ್ನಡದಲ್ಲಿ ಸಮ್ಮತಿ ಓದಿ ಮುಗಿದು ಅಕ್ಷತೆ ಮೇಲೇರಿದಾಗ ಜನ ಒಮ್ಮೆಲೆ ಒತ್ತರಿಸಿ ಬಂದರು. ನನ್ನ ಬೇಸಿನಿಂದ ಬಟ್ಟಲು ಕಳಚಿ ಕಲ್ಲಿನ ಮೇಲೆ ಬಿತ್ತು. ಎತ್ತುವ ಮೊದಲೇ ಯಾರದೋ ಹಿಮ್ಮಡಿ ಅದರ ಮೇಲೆ. ಮನೆಗೆ ಬಂದು ಬುಡದೊಳಗೆ ಮೊಳೆ ತೂರಿಸಿ ಸುತ್ತಿಗೆಯಿಂದ ತಟ್ಟಿ ಇನ್ನಷ್ಟು ಕೆಡಿಸಿದೆ. ಅಂಥದ್ದನ್ನು ತಿದ್ದಲು ಅದೇ ಓಟದ ಉಕ್ಕಿನ ಗೂಟವೊಂದು ಬೇಕು, ಮೆಲ್ಲಗೆ ತಿರುಗಿಸಿ ಒಳಗಿನಿಂದ ಗುಂಡಗೆ ಮಾಡಬೇಕು; ಹತ್ತು ನಿಮಿಷದ ಕೆಲಸ, ಎಂಐಡಿಸಿಯ ಆ ಮನುಷ್ಯ ಈಗ ಹೇಳಿದ್ದು. ನಾನು ಕಾಗದ ಸುತ್ತಿ ಹದಿನೈದು ದಿನ ಅದರಲ್ಲೇ ಊದಿದೆ. ನನ್ನ ಕೆಳಗಿನ ಸ್ವರ ಬಿತ್ತು. ಒಂದಲ್ಲ, ಪ್ರತಿ ಮದುವೆಯಲ್ಲೂ ಬಿತ್ತು. ಆಗ ನನ್ನ ತುಟಿಯ ಮೇಲೆ ಯಾರೂ ಅನುಮಾನ ಪಡಲಿಲ್ಲ, ನಾನಂತೂ ಪಡಲೇ ಇಲ್ಲ. ಮಾಮಾನ ಎದುರು ಬಟ್ಟಲು ಬಿಸಾಡಿ, ‘ಇದರಾಗ ಬ್ರಹ್ಮದೇವ ಊದಿದರೂ ದನಿ ನಿಂದ್ರೂದಿಲ್ಲ’ ಎಂದಿದ್ದೆ.

ಬ್ರಹ್ಮದೇವನಿಗೆ ಆಗದ್ದನ್ನು ಒಂದು ವರ್ಷದ ನಂತರ ಹದಿನೈದರ ಹುಡುಗನ ಬಾಯಿಗಿಟ್ಟೆ.

ಮರೆತಿದ್ದೆನೇ? ವಹಿ ತೊಡೆಯ ಮೇಲಿಟ್ಟುಕೊಂಡು ಅಟ್ಟದಲ್ಲೇ ಬಹಳ ಹೊತ್ತು ಕೂತೆ. ಮರೆವು ಎಂದುಕೊಳ್ಳಲು ಪ್ರಯತ್ನಪಟ್ಟೆ, ಮರೆವಿಗೆ ಜಾಗ ಸಿಗಲಿಲ್ಲ. ಕಾಗದ ಸುತ್ತಿದ ಬಟ್ಟಲು ಕಣ್ಣಿಗೆ ಹೊಡೆಯುವಂತಿತ್ತು. ಆ ಕಾಗದ ಸುತ್ತಿದ್ದ ಕೈಯೂ ನನ್ನದೇ. ಹುಡುಗ ಬಂದು ‘ಅಲ್ಲಾಡ್ತದ್ರಿ’ ಎಂದಾಗ ಯಾವ ಬಟ್ಟಲು ಎಂದು ಕೇಳಬೇಕಾದ ಅಗತ್ಯವೂ ಇರಲಿಲ್ಲ. ಹೊಸದು ತರಿಸಲು ಮಾಮಾನ ಕೈಯಲ್ಲಿ ದುಡ್ಡಿರಲಿಲ್ಲ ಎಂಬುದು ನಿಜ. ಆದರೆ ಒಂದು ದಿನ, ಒಂದೇ ಒಂದು ದಿನ, ನನ್ನದನ್ನು ಅವನಿಗೆ ಕೊಟ್ಟು ‘ಇದರಾಗ ಊದಿ ನೋಡು’ ಎನ್ನಲು ದುಡ್ಡು ಬೇಕಿರಲಿಲ್ಲ. ಅದನ್ನು ಯಾಕೆ ಮಾಡಲಿಲ್ಲ ಎಂದು ಈಗ ಕೆದಕಿದರೆ ಸಿಗುವುದು ಚೆಂದದ ವಸ್ತುವಲ್ಲ. ಅವನ ದಮ್ಮು ನನಗಿಂತ ದೊಡ್ಡದಿತ್ತು. ಸರಿಯಾದ ಬಟ್ಟಲಿನಲ್ಲಿ ಅವನು ಊದಿದ್ದರೆ ಓಣಿಯವರು ಎರಡನೆಯ ಬೇಸಿನ ಕಡೆ ತಿರುಗುತ್ತಿದ್ದರು. ಇದು ನನಗೆ ಆಗಲೇ ಹೊಳೆದಿತ್ತೆಂದು ಹೇಳಲಾರೆ. ಹೊಳೆಯದಂತೆ ನೋಡಿಕೊಂಡಿದ್ದೆ ಎಂದು ಹೇಳಬಲ್ಲೆ.

ದಮ್ಮಿನ ಮಾತು ಬಂದಾಗಲೆಲ್ಲ ನನಗೀಗ ಆರ್ನಲ್ಡ್ ಜೇಕಬ್ಸ್ ನೆನಪಾಗುತ್ತಾರೆ. ಷಿಕಾಗೊ ಸಿಂಫನಿಯಲ್ಲಿ 1944ರಿಂದ 1988ರ ತನಕ ಟ್ಯೂಬಾ ಊದಿದವರು. ಆ ವಾದ್ಯದ ಜಗತ್ತಿನಲ್ಲಿ ಅವರಿಗಿಂತ ದೊಡ್ಡ ಗುರು ಇಲ್ಲ. ಅವರಿಗೆ ಉಬ್ಬಸವಿತ್ತು. ಶ್ವಾಸಕೋಶದಲ್ಲಿ ಉಳಿದವರಿಗಿಂತ ಕಡಿಮೆ ಗಾಳಿ ಹಿಡಿಯುತ್ತಿತ್ತು. ದೇಹ ನೋಡಿ ಹಂಚುವ ಮಾಸ್ತರನೊಬ್ಬ ಅವರ ಬಾಲ್ಯದಲ್ಲಿ ಇದ್ದಿದ್ದರೆ ಅವರ ಕೈಗೂ ಝಾಂಜ್ ಬರುತ್ತಿತ್ತು. ಶಿಷ್ಯರಿಗೆ ಅವರು ಸ್ನಾಯು, ತುಟಿ ಎಂದು ಚಿಂತೆ ಹಚ್ಚುತ್ತಿರಲಿಲ್ಲ. ಹಾಡನ್ನು ತಲೆಯಲ್ಲಿ ಕೇಳು, ಗಾಳಿ ಬಿಡು ಎನ್ನುತ್ತಿದ್ದರು.

ಬಟ್ಟಲು ಆರಿಸಿದ್ದು ಏನಾಯಿತು ಎಂದು ಕೇಳುವವರಿದ್ದರೆ ಹೇಳಿಬಿಡುತ್ತೇನೆ. ಆಲಿಕೆಯನ್ನು ಇಟ್ಟುಕೊಂಡೆ. ಬುಡ ಜರ್ಮನ್ ಕೊಳವೆಯಲ್ಲಿ ಬಿಗಿಯಾಗಿ ಕೂರುತ್ತದೆ, ಹಿಡಿದು ತಿರುಗಿಸಿದರೆ ಮಾತ್ರ ಬಿಡುತ್ತದೆ. ಕೆಳಗಿನ ಸ್ವರ ತಡವಾಗಿ ಬರುತ್ತದೆ, ನನ್ನ ವಯಸ್ಸಿಗೆ ಆ ತಡ ಒಗ್ಗಿದೆ. ಮೇಲಿನ ಸ್ವರ ಇನ್ನೂ ಒಡೆಯುತ್ತದೆ. ಒಡೆದಾಗ ಏನನ್ನೂ ಬಯ್ಯದೆ ಮತ್ತೊಮ್ಮೆ ಊದುತ್ತೇನೆ. ಹೆಂಡತಿಗೆ ಇದು ಅನುಮಾನ ತಂದಿದೆ, ಡಾಕ್ಟರ ಹತ್ತಿರ ಹೋಗೋಣವೇ ಎಂದು ಕೇಳಿದಳು.

ಸೊಟ್ಟ ಬಟ್ಟಲನ್ನು ಎಂಐಡಿಸಿಯ ಆತ ತಿದ್ದಿ ಕೊಡುತ್ತೇನೆ ಎಂದಿದ್ದರು. ಬೇಡ ಎಂದೆ.

ಆ ಹುಡುಗ ಈಗ ನಲವತ್ತು ದಾಟಿದ ಗೃಹಸ್ಥ. ವಿಚಾರಿಸಿದೆ, ಹುಡುಕುವುದು ಕಷ್ಟವಾಗಲಿಲ್ಲ. ಅಕ್ಕಲಕೋಟೆಯಲ್ಲಿ ಯಾತ್ರಿಕರು ಓಡಾಡುವ ರಸ್ತೆಯಲ್ಲಿ ಸಣ್ಣ ಅಂಗಡಿ. ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಮೊದಲ ಸಲ ಹೋದಾಗ ಬಟ್ಟಲು ಚೀಲದಲ್ಲಿತ್ತು. ಗುರುತು ಹಿಡಿದ. ‘ಬರ್ರಿ ಕಾಕಾ, ಕೂಡ್ರಿ’ ಎಂದು ಸ್ಟೂಲು ಎಳೆದ, ಚಹಾ ತರಿಸಿದ. ‘ಇನ್ನಾ ಊದತೀರೇನ್ರಿ?’ ಎಂದು ಕೇಳಿದ. ಇಲ್ಲ ಎಂದೆ. ಎರಡು ಕಟ್ಟು ರೊಟ್ಟಿ ತೆಗೆದುಕೊಂಡು, ರೊಕ್ಕ ಬೇಡ ಎಂದರೂ ಒತ್ತಾಯದಿಂದ ಕೊಟ್ಟು ಬಸ್ ಹತ್ತಿದೆ. ಆಮೇಲೆ ಮತ್ತೆರಡು ಸಲ ಹೋಗಿದ್ದೇನೆ. ಮನೆಯಲ್ಲಿ ಈಗ ಮಳೆಗಾಲ ಮುಗಿಯುವಷ್ಟು ಕಡಕ್ ರೊಟ್ಟಿ ಇದೆ.

ಅವನ ಗಲ್ಲಾಪೆಟ್ಟಿಗೆಯ ಹಿಂದಿನ ಗೂಡಿನಲ್ಲಿ ಕನ್ನಡ ಪತ್ರಿಕೆಗಳ ಸಾಲು ಕಂಡೆ. ಇದೂ ಅಲ್ಲಿಗೆ ಬರುತ್ತದೆ. ಮುಖ ನೋಡಿ ಹೇಳಲಾರದ್ದನ್ನು ಅಚ್ಚಿನಲ್ಲಿ ಹೇಳುವುದು ಹೇಡಿಯ ದಾರಿ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಓದಿದರೆ ತಿಳಿಯಲಿ, ತಮ್ಮಾ: ಬಟ್ಟಲ ಸೊಟ್ಟ ಇತ್ತು. ಕೆಡವಿದವನು ನಾನು, ಕೆಲಸಕ್ಕಿಲ್ಲ ಅಂತ ಬರದವನು ನಾನು, ನಿನಗ ಕೊಟ್ಟವನೂ ನಾನೇ.